ಹಳೆ ಕೌದಿಗೆ ಹೊಸ ದುಡಿಮೆ

ಅಜ್ಜಿ ಕಾಲದ ಕೌದಿ ಹರಿದರೆ ಅದನ್ನು ಟ್ರಂಕಿನಲ್ಲಿ ಮುಚ್ಚಿಡಬೇಕೇ, ತಿಪ್ಪೆಗೆ ಎಸೆಯಬೇಕೇ? ಗಟ್ಟಿ ಉಳಿದ ತುಂಡುಗಳನ್ನು ಗುರುತಿಸಿ ಮತ್ತೆ ದುಡಿಮೆಗೆ ಹಚ್ಚುವ ಮೂರನೆಯ ದಾರಿಯೊಂದಿದೆ.

ಸವದತ್ತಿಯಿಂದ ಸುಮಾರು 9 ಕಿ.ಮೀ. ದೂರದ ಹೂಲಿಗೆ ಹೊರಗಿನವರು ಬರುವುದು ಹೆಚ್ಚಾಗಿ ಕಲ್ಲು ನೋಡಲು. ಕಲ್ಯಾಣ ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ, ಊರ ಸುತ್ತ ಹರಡಿಕೊಂಡ ಹಳೆಯ ಗುಡಿಗಳು, ಗುಡ್ಡದ ಮೇಲಿನ ಕೋಟೆ, ಶಾಸನಗಳು ಇವನ್ನೆಲ್ಲ ನೋಡಿ, ಫೋಟೊ ತೆಗೆದುಕೊಂಡು ಎಲ್ಲಮ್ಮನ ಗುಡ್ಡಕ್ಕೋ ನವಿಲುತೀರ್ಥಕ್ಕೋ ಹೊರಟುಬಿಡುತ್ತಾರೆ. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ, ಭೂಮಿಯ ಅಳತೆ ಇದೆ, ಕಾಲ ಇದೆ. ಇದೇ ಸೀಮೆಯ ಜಂತಿಮನೆಗಳ ಪಡಸಾಲೆಯಲ್ಲಿ, ಗೋಡೆಗೆ ಆನಿಸಿ ಒಟ್ಟಿದ ಹಾಸಿಗೆಗಳ ನಡುವೆ, ಮನೆತನದ ಇನ್ನೊಂದು ದಾಖಲೆ ಇರುತ್ತದೆ. ಅದರ ಮೇಲೆ ಹೊಲಿದವಳ ಹೆಸರಿಲ್ಲ, ತೇದಿಯೂ ಇಲ್ಲ. ಆದರೆ ಆ ಮನೆಯಲ್ಲಿ ಮೂರು ತಲೆಮಾರಿನವರು ಏನು ಉಟ್ಟರು, ಏನು ತೊಟ್ಟರು ಎಂಬುದೆಲ್ಲ ಅದರಲ್ಲಿದೆ. ಅದೇ ಕೌದಿ.

ಹಳೆಯ ಕೌದಿಯೊಂದನ್ನು ಬೆಳಕಿಗೆ ಹಾಸಿ, ಪಕ್ಕದಲ್ಲಿ ಕುಳಿತು ನೋಡಬೇಕು. ನಟ್ಟನಡುವೆ ಕೆಂಪು ಚೌಕವೊಂದಿದ್ದರೆ ಅದು ಇಳಕಲ್ ಸೀರೆಯ ಟೋಪ್ ತೆನಿ ಸೆರಗಿನ ತುಂಡು. ಬಿಳಿಯ ತೆನೆಗಳು ಇನ್ನೂ ಎದ್ದು ಕಾಣುತ್ತವೆ. ಅದರ ಸುತ್ತ ಗುಳೇದಗುಡ್ಡದ ಖಣದ ಕುಬಸ ಬಿಚ್ಚಿ ಮಾಡಿದ ಮುಕ್ಕೋನೆ ತುಂಡುಗಳು. ಅವುಗಳಾಚೆ ಸೀರೆಯ ದಡಿ, ಶಾಲೆಗೆ ಹಾಕಿಕೊಂಡು ಹೋದ ಖಾಕಿ ಚಡ್ಡಿ, ಯಾರದೋ ಮದುವೆಯ ಗುಲಾಬಿ ಪಟಗ, ಹೂವಿನ ಚೀಟಿಯ ಲಂಗ. ಕೆಳಗಿನ ಅಸ್ತರಿಗೆ ಅಜ್ಜನ ಧೋತರ. ಇಷ್ಟನ್ನೂ ಹಿಡಿದಿಟ್ಟಿರುವುದು ಅಂಚಿನಿಂದ ಒಳಕ್ಕೆ, ಬೆರಳಗಲ ಅಂತರದಲ್ಲಿ, ಸುತ್ತುಸುತ್ತಾಗಿ ಓಡಿದ ದಾರ. ಅಂಗೈಯಾಡಿಸಿದರೆ ಸಾಲುಗಳ ನಡುವಿನ ಸಣ್ಣ ಉಬ್ಬು ಕೈಗೆ ಹತ್ತುತ್ತದೆ. ಆ ಉಬ್ಬಿನೊಳಗೆ ನಿಂತ ಗಾಳಿಯೇ ಚಳಿಗಾಲದಲ್ಲಿ ಮೈ ಬೆಚ್ಚಗಿಡುವುದು.

ಈಗ ಆ ಕೌದಿಗಳಿಗೆ ಮುಪ್ಪು ಬಂದಿದೆ. ಮನೆಮನೆಗೆ ಗಾದಿ, ರಗ್ಗು, ಪಾಲಿಸ್ಟರ್ ಬ್ಲ್ಯಾಂಕೆಟ್ ಬಂದಿವೆ. ಹಳೆ ಕೌದಿ ಹರಿದಾಗ ಮನೆಯವರು ಎರಡರಲ್ಲಿ ಒಂದು ಮಾಡುತ್ತಾರೆ. ಅಜ್ಜಿಯ ನೆನಪೆಂದು ನುಸಿಗುಳಿಗೆ ಹಾಕಿ ಟ್ರಂಕಿನ ತಳಕ್ಕೆ ಸೇರಿಸುತ್ತಾರೆ. ಅಲ್ಲಿ ಅದು ಮಡಿಕೆ ಮಡಿಕೆಯಲ್ಲಿ ಸೀಳುತ್ತ ಹೋಗುತ್ತದೆ. ಇಲ್ಲವೇ ಟ್ರ್ಯಾಕ್ಟರ್ ಸೀಟಿಗೆ ಹಾಸಿ, ಕೊಟ್ಟಿಗೆಗೆ ಎಸೆದು, ಕಡೆಗೆ ತಿಪ್ಪೆಗೆ ಕಳಿಸುತ್ತಾರೆ. ಎರಡೂ ಆ ಕೌದಿಗೆ ಮಾಡುವ ಅನ್ಯಾಯವೇ. ಹರಿದದ್ದನ್ನು ಮತ್ತೆ ದುಡಿಮೆಗೆ ಹಚ್ಚುವ ಬುದ್ಧಿಯಿಂದಲೇ ಕೌದಿ ಹುಟ್ಟಿದ್ದು. ಮುಪ್ಪಿನ ಕೌದಿಯಲ್ಲಿ ಗಟ್ಟಿ ಉಳಿದಿರುವ ತುಂಡನ್ನು ಗುರುತಿಸಿ, ಅದರ ಶಕ್ತಿಗೆ ತಕ್ಕ ಕೆಲಸ ಕೊಡುವುದೇ ಅದಕ್ಕೆ ಸಲ್ಲಬೇಕಾದ ಮರ್ಯಾದೆ. ಆ ಕೆಲಸದಿಂದ ಹೊಲಿಯುವ ಕೈಗಳಿಗೂ ಕೂಲಿ ಸಿಕ್ಕರೆ ಮರ್ಯಾದೆ ಪೂರ್ತಿಯಾದಂತೆ.

ಸುಗ್ಗಿ ಮುಗಿದ ಮೇಲಿನ ಕೆಲಸ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಪಟ್ಟಿ ಹತ್ತಿಯ ನಾಡು. ಎರೆಹೊಲದಲ್ಲಿ ಹತ್ತಿ, ಬೈಲಹೊಂಗಲದಲ್ಲಿ ಹತ್ತಿಯ ಪೇಟೆ, ರಾಮದುರ್ಗದ ಕಡೆ ಮಗ್ಗ. ಹೊಲದಿಂದ ಮೈಮೇಲೆ ಬರುವವರೆಗೆ ಅರಿವೆಯ ಹಿಂದೆ ಎಷ್ಟು ಜನರ ದುಡಿಮೆ ಇದೆ ಎಂಬುದು ಇಲ್ಲಿನವರಿಗೆ ಕಣ್ಣಾರೆ ಗೊತ್ತಿತ್ತು. ಹಾಗಾಗಿ ಸೀರೆ ಹರಿದರೆ ಅದನ್ನು ಬಿಸಾಡುವ ಮಾತೇ ಇರಲಿಲ್ಲ. ಗಟ್ಟಿ ಭಾಗ ಮಗಳ ಲಂಗಕ್ಕೆ, ಮೆತ್ತನೆಯ ಭಾಗ ಕೂಸಿನ ಕುಂಚಿಗೆಗೆ, ಉಳಿದದ್ದು ಗಂಟಿಗೆ. ಆ ಗಂಟು ತುಂಬಿದ ವರ್ಷ ಕೌದಿ.

ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳೇ ಕೂಡಿ ಹೊಲಿಯುತ್ತಿದ್ದರು. ಕಸಬಾಗಿ ಹೊಲಿದವರು ಹೆಚ್ಚಾಗಿ ಗೊಂದಳಿ ಸಮುದಾಯದ ಹೆಂಗಸರು. ಗಂಡಸರು ಅಂಬಾಭವಾನಿ, ಎಲ್ಲಮ್ಮರ ಹೆಸರಿನಲ್ಲಿ ಗೊಂದಲ ಹಾಕಿ ಕತೆ ಹೇಳಿದರೆ, ಹೆಂಗಸರು ದಬ್ಬಣ, ದಾರ ಹಿಡಿದು ಊರೂರಿಗೆ ಬರುತ್ತಿದ್ದರು. ಸುಗ್ಗಿ ಮುಗಿದು, ಮಳೆ ಇನ್ನೂ ದೂರ ಇರುವ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಕಟ್ಟೆಯ ಮೇಲೋ ಬೇವಿನ ನೆರಳಲ್ಲೋ ಮಾತು ಹೀಗೆ ಶುರುವಾಗುತ್ತಿತ್ತು:

“ಅಕ್ಕಾರ, ಹಳೇ ಅರಿವಿ ಏನರ ಇದ್ರ ಕೊಡ್ರಿ. ದೊಡ್ಡದು ಹೊಲೀಲೋ, ಕೂಸಿಂದು ಹೊಲೀಲೋ?”

“ಹಾಸಾಕ ಒಂದು, ಹೊಚ್ಚಗೊಳ್ಳಾಕ ಒಂದು ಮಾಡವ್ವಾ. ಒತ್ತಾಗಿ ಹೊಲಿ ಮತ್ತ. ಹೋದ ಸರ್ತಿದು ಎರಡ ಸಲ ಒಗದ್ರಾಗ ದಾರ ಬಿಟ್ಟೈತಿ.”

“ಪಾಲಿಸ್ಟರ್ ಸೀರಿ ಕೊಟ್ರ ದಾರ ಹೆಂಗ ನಿಂದ್ರತೈತ್ರಿ? ಹತ್ತೀದು ಕೊಡ್ರಿ, ನಿಮ್ಮ ಮೊಮ್ಮಗ ಸೈತ ಹೊಚ್ಚಗೋತಾನ.”

ಈ ಮಾತಿನಲ್ಲೇ ಕಸಬಿನ ತಿರುಳಿದೆ. ನುಣುಪಾದ ಪಾಲಿಸ್ಟರಿನಲ್ಲಿ ಪದರುಗಳು ಒಂದರ ಮೇಲೊಂದು ಜಾರುತ್ತವೆ, ಟಾಕಿ ಕೂರುವುದಿಲ್ಲ. ಅದು ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ. ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ, ಪದರಿಗೆ ಪದರು ಹೊಂದಿಕೊಳ್ಳುತ್ತದೆ. ಹೊಲಿಯುವವಳು ಮೊದಲು ಅಸ್ತರಿ ಹಾಸಿ, ನಾಲ್ಕು ಮೂಲೆ ಎಳೆದು, ಮೇಲೆ ಹಳೆ ಅರಿವೆಯ ಪದರುಗಳನ್ನು ಸುಕ್ಕಿಲ್ಲದಂತೆ ಹರಡುತ್ತಾಳೆ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ಅಳತೆಗೆ ಗೇಣು, ಮೊಳ ಸಾಕು. ಅಂಚು ಒಳಕ್ಕೆ ಮಡಚಿಕೊಂಡು ಮೂಲೆಯಿಂದ ಶುರು ಮಾಡಿದರೆ, ದಾರ ನಡುವಿನ ಚೌಕ ಮುಟ್ಟಿದಾಗ ಕೌದಿ ಮುಗಿದಂತೆ. ಕೂಲಿಯೆಂದು ಜೋಳ, ಊಟ, ಒಂದಿಷ್ಟು ರೊಕ್ಕ, ಕೆಲವೊಮ್ಮೆ ಒಂದು ಸೀರೆ.

ಹೊಸ ಕೌದಿಯ ಒಳಪದರಾಗಿ ಮುಪ್ಪಿನ ಕೌದಿಯನ್ನೇ ಇಡುವ ರೂಢಿಯೂ ಇತ್ತು. ಮೇಲ್ಮೈ ಚಿಂದಿಯಾದರೂ ಒಳಗಿನ ಹತ್ತಿ ಇನ್ನೂ ದಪ್ಪ, ಇನ್ನೂ ಬೆಚ್ಚಗೆ. ಹೀಗಾಗಿ ಈಗ ನಿಮ್ಮ ಕೈಯಲ್ಲಿರುವ ಕೌದಿಯ ಹೊಲಿಗೆ ಬಿಚ್ಚಿದಲ್ಲಿ ಇಣುಕಿದರೆ ಅದಕ್ಕೂ ಹಿಂದಿನ ಕೌದಿಯೊಂದು ಕಾಣಬಹುದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಜಾತ್ರೆಗೆ ಹೊರಟ ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಹಾಸಿದ್ದು, ಬಾಣಂತಿಯ ಹೊರಸಿನ ಮೇಲೆ ಬಿದ್ದದ್ದು, ಹೊಲದ ಗುಡಿಸಲಲ್ಲಿ ರಾತ್ರಿ ಕಾವಲಿಗೆ ಹೋದದ್ದು ಎಲ್ಲ ಇದೇ ಕೌದಿ. ಒಂದೇ ವಸ್ತು ಹತ್ತು ಕೆಲಸ ಮಾಡಿದೆ. ಹನ್ನೊಂದನೆಯ ಕೆಲಸ ಹುಡುಕುವುದು ನಮ್ಮ ಪಾಲಿಗೆ ಬಂದಿದೆ.

ಬಿಡಿ ಚೌಕಗಳ ನಾಡು, ಓಡುವ ದಾರದ ನಾಡು

ಹಳೆಯ ತುಂಡುಗಳಿಗೆ ಹೊಸ ಬಳಕೆ ಹುಡುಕುವ ಹವ್ಯಾಸ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದೆ. ಅಲ್ಲಿ ಹೊದಿಕೆಯ ಮೇಲ್ಮೈಯನ್ನು ಬಿಡಿ ಚೌಕಗಳಾಗಿ ಹೊಲಿದು, ಆಮೇಲೆ ಕೂಡಿಸುವ ಪದ್ಧತಿ. ಕನ್ಸಾಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಇಂಥ ಚೌಕಗಳ ನಮೂನೆಗಳನ್ನು ಅಚ್ಚು ಹಾಕಿತು. 1930ರ ದಶಕದ ಬಡತನದಲ್ಲಿ ದನದ ಮೇವಿನ, ಹಿಟ್ಟಿನ ಚೀಲಗಳ ಹೂಬಟ್ಟೆಯಿಂದಲೂ ಚೌಕ ಹೊಲಿದರು. ಹೊದಿಕೆ ಪೂರ್ತಿಯಾಗದೆ ಅಜ್ಜಿಯರ ಪೆಟ್ಟಿಗೆಯಲ್ಲಿ ಉಳಿದ ಬಿಡಿ ಚೌಕಗಳು ಇಂದು ದಿಂಬು, ಚೀಲ, ಮೇಜಿನ ಹಾಸು, ಗೋಡೆಯ ಚೌಕಟ್ಟು ಆಗುತ್ತಿವೆ.

ಅವರ ಉಪಾಯವನ್ನು ನಮ್ಮ ಕೌದಿಗೆ ಹಾಗೆಯೇ ಹಚ್ಚಿದರೆ ಕೆಡುತ್ತದೆ. ಅಲ್ಲಿನ ಚೌಕ ಬಿಡಿಯಾಗಿಯೇ ಹುಟ್ಟಿದ್ದು, ಬಿಡಿಯಾಗಿಯೂ ನಿಲ್ಲುತ್ತದೆ. ನಮ್ಮ ಕೌದಿಯಲ್ಲಿ ಬಣ್ಣದ ತುಂಡು, ಒಳಪದರು, ಅಸ್ತರಿ ಎಲ್ಲವೂ ಒಂದೇ ಸಲಕ್ಕೆ, ಓಡುವ ದಾರದಲ್ಲಿ ಕೂಡುತ್ತವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯಲ್ಲಂತೂ ಇದು ಇನ್ನೂ ಸ್ಪಷ್ಟ. ಅವರು ಅಂಚಿನಿಂದ ಹೊರಟು, ತುಂಡಿಗೆ ತುಂಡು ಮಡಚಿ ಸೇರಿಸುತ್ತ, ಸುತ್ತು ಹಾಕಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಮುಕ್ಕೋನೆ ತುಂಡುಗಳನ್ನು ಇಟ್ಟು ‘ಫುಲ’ ಎನ್ನುತ್ತಾರೆ. ಆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಇಂಥ ಹೊಲಿಗೆಯಲ್ಲಿ ಎಲ್ಲಿ ಕತ್ತರಿ ಹಾಕಿದರೂ ಸುತ್ತಿನ ದಾರ ತುಂಡಾಗುತ್ತದೆ, ಅದರ ಸಾಲಿನ ಟಾಕಿಗಳೆಲ್ಲ ಒಂದೊಂದಾಗಿ ಬಿಡುತ್ತವೆ. ಕೌದಿಯ ತುಂಡಿನಿಂದ ಹೊಲಿದ ಎಷ್ಟೋ ಚೀಲಗಳು ಆರು ತಿಂಗಳಿಗೇ ಜಾಳಾಗುವುದು ಇದರಿಂದಲೇ.

ಕತ್ತರಿಗೂ ಮೊದಲು ಸೂಜಿ

ಮೊದಲ ಕೆಲಸ ಪರೀಕ್ಷೆ. ಕೌದಿಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದರೆ ಪದರು ಸವೆದ ಜಾಗ ತಿಳಿಯಾಗಿ ಕಾಣುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಬಟ್ಟೆಯನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ. ಎಳೆ ನಿಂತರೆ ಸರಿ, ಪುಡಿಯಾಗಿ ಸೀಳಿದರೆ ಆ ತುಂಡಿಗೆ ಭಾರ ಹೊರಿಸಬಾರದು. ಹಳೆಯ ಕೌದಿಯಲ್ಲಿ ಕಪ್ಪು, ಕಂದು ತುಂಡುಗಳು ಉಳಿದವಕ್ಕಿಂತ ಮೊದಲು ಸಾಯುವುದು ಕಾಣುತ್ತದೆ. ಹಿಂದಿನ ಕಾಲದ ಕೆಲವು ಕಪ್ಪು ಬಣ್ಣಗಳಿಗೆ ಬಳಸುತ್ತಿದ್ದ ಕಬ್ಬಿಣದ ಅಂಶ ನಿಧಾನವಾಗಿ ಎಳೆಯನ್ನೇ ತಿನ್ನುತ್ತದೆ. ರೇಷ್ಮೆಯ ಸೆರಗು ಮಡಿಕೆ ಬಿದ್ದಲ್ಲಿ ಸೀಳುತ್ತದೆ. ಬಣ್ಣದ ಪರೀಕ್ಷೆಗೆ ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒಂದಿಷ್ಟು ಹೊತ್ತು ಒತ್ತಿ ಹಿಡಿಯಬೇಕು. ಕೆಂಪು ಹತ್ತಿತೆಂದರೆ ಆ ಕೌದಿಯನ್ನು ನೀರಿಗೆ ಅದ್ದಬೇಡಿ. ಗಾಳಿಗೆ ಹಾಕಿ, ಮೆತ್ತನೆಯ ಬ್ರಶ್ಶಿನಿಂದ ದೂಳು ತೆಗೆದರೆ ಸಾಕು.

ಬಣ್ಣ ಬಿಡದಿದ್ದರೆ ಒಗೆಯಬಹುದು, ಆದರೆ ಹಳ್ಳದ ಬಂಡೆಗೆ ಬಡಿದು ಒಗೆಯುವ ವಯಸ್ಸು ಅದಕ್ಕೆ ದಾಟಿದೆ. ಅಂಟವಾಳದ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಸೋಸಿದ ನೀರನ್ನು ಅಗಲವಾದ ಟಬ್ಬಿಗೆ ಹಾಕಿ. ಕೌದಿಯ ಕೆಳಗೆ ಹಳೆಯ ಸೊಳ್ಳೆ ಪರದೆ ಹಾಸಿ, ಅದರ ಸಮೇತ ಮುಳುಗಿಸಿ. ನೀರು ಕುಡಿದ ಕೌದಿ ಬಹಳ ಭಾರ; ಬರಿಗೈಯಲ್ಲಿ ಒಂದು ಮೂಲೆ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಪರದೆ ಹಿಡಿದು ಎತ್ತಿದರೆ ಆ ಭಾರ ಬಟ್ಟೆಯ ಮೇಲೆ ಬೀಳದು. ಹಿಂಡಬಾರದು. ಒಣ ಟವೆಲ್ಲಿನಿಂದ ಒತ್ತಿ ನೀರು ತೆಗೆದು, ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ, ನೆರಳಿಗೆ ಹರಡಬೇಕು. ಗಂಜಿ ಹಾಕುವುದು ಬೇಡ, ಗಂಜಿಯ ರುಚಿಗೆ ಹುಳು ಬರುತ್ತದೆ.

ಇನ್ನು ತುಂಡು ಬಿಡಿಸುವ ಕೆಲಸ. ಗಟ್ಟಿ ಇರುವ ಚೌಕವನ್ನು ಆರಿಸಿ, ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆಯ ಒಳಗೆ, ಎಲ್ಲ ಪದರುಗಳನ್ನೂ ಹಿಡಿಯುವಂತೆ, ಹತ್ತಿ ದಾರದಲ್ಲಿ ಎರಡು ಸುತ್ತು ಹೊಲಿಗೆ ಹಾಕಿ. ಪ್ರತಿ ಟಾಕಿ ಹಿಂದಿನ ಟಾಕಿಗೆ ಕೂಡಿಕೊಳ್ಳುವಂತೆ ಹಿಂದಕ್ಕೆ ಬಂದು ಮುಂದಕ್ಕೆ ಹೋಗಬೇಕು. ಹಳೆಯ ಸಾಲಿನ ದಾರಗಳೆಲ್ಲ ಈ ಎರಡು ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದಾದ ಮೇಲೆ ಗೆರೆಯ ಹೊರಗೆ ಅರ್ಧ ಬೆರಳು ಬಿಟ್ಟು ಕತ್ತರಿಸಿ. ಕೊನೆಗೆ ಎರಡು ಬೆರಳಗಲದ ಹೊಸ ಹತ್ತಿ ಪಟ್ಟಿಯನ್ನೋ ಗಟ್ಟಿ ಇರುವ ಸೀರೆಯ ದಡಿಯನ್ನೋ ಸುತ್ತ ಕೊಟ್ಟು ಅಂಚು ಮುಚ್ಚಿ. ಒಂದು ಚೌಕಕ್ಕೆ ಮಧ್ಯಾಹ್ನವೊಂದು ಹೋದರೂ ಆ ತುಂಡು ವರ್ಷಗಟ್ಟಲೆ ನಿಲ್ಲುತ್ತದೆ.

ದಾರದ ಆಯ್ಕೆಯಲ್ಲಿ ಎಚ್ಚರ ಬೇಕು. ಗಟ್ಟಿಯೆಂದು ನೈಲಾನ್ ದಾರ ಹಾಕುವವರಿದ್ದಾರೆ. ಮುಪ್ಪಾದ ಹತ್ತಿಯ ಮೇಲೆ ಎಳೆತ ಬಿದ್ದಾಗ ದಾರ ಹರಿಯಬೇಕು, ಬಟ್ಟೆ ಉಳಿಯಬೇಕು. ನೈಲಾನ್ ಹಾಕಿದರೆ ದಾರ ಉಳಿದು ಬಟ್ಟೆ ಕೊಯ್ದುಹೋಗುತ್ತದೆ. ಮಷಿನ್ ಹೊಲಿಗೆಯ ಒತ್ತೊತ್ತಾದ ಟಾಕಿಗಳು ಹಳೆ ಬಟ್ಟೆಯಲ್ಲಿ ತೂತಿನ ಸಾಲು ಮಾಡುತ್ತವೆ, ಮುಂದೆ ಅಲ್ಲಿಯೇ ಹರಿಯುತ್ತದೆ. ಹಾಗಾಗಿ ಹಳೆ ತುಂಡಿಗೆ ಕೈಹೊಲಿಗೆಯೇ ಲೇಸು. ಚೀಲದ ಹೊರ ಅಂಚು, ಜಿಪ್ಪು, ಹಿಡಿಕೆಯಂಥ ಹೊಸ ಬಟ್ಟೆಯ ಕೆಲಸಕ್ಕೆ ಮಷಿನ್ ಬಳಸಬಹುದು.

ಯಾವ ತುಂಡಿಗೆ ಯಾವ ಕೆಲಸ

ಗಟ್ಟಿಮುಟ್ಟಾದ, ನಾಲ್ಕೈದು ಪದರು ಉಳಿದಿರುವ ತುಂಡಿಗೆ ಭಾರದ ಕೆಲಸ ಕೊಡಬಹುದು. ಮೊಳ ಚೌಕದ ತುಂಡು ನೆಲದ ಮೇಲೆ ಕೂರಲು ಒಳ್ಳೆಯ ಹಾಸು. ಊಟದ ಪಂಕ್ತಿಗೆ, ಪೂಜೆಗೆ, ಪುಸ್ತಕ ಹಿಡಿದು ಕೂರುವ ಮಕ್ಕಳಿಗೆ ಪ್ಲಾಸ್ಟಿಕ್ ಚಾಪೆಗಿಂತ ಇದು ಸುಖ. ಎರಡು ತುಂಡು ಕೂಡಿಸಿದರೆ ಸಂತೆಚೀಲ. ಒಳಗೆ ಹೊಸ ಗಟ್ಟಿ ಬಟ್ಟೆಯ ಅಸ್ತರಿ ಕೊಟ್ಟು, ಹಿಡಿಕೆಯನ್ನು ಆ ಅಸ್ತರಿಗೇ ಹೊಲಿಯಬೇಕು, ಆಗ ಭಾರವೆಲ್ಲ ಹೊಸ ಬಟ್ಟೆಯ ಮೇಲೆ ಬಿದ್ದು ಕೌದಿಯ ತುಂಡು ಮೇಲೆ ಅಂದವಾಗಿ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಚೀಲಕ್ಕಂತೂ ಕೌದಿಯ ಪದರು ಬಹಳ ಹೊಂದುತ್ತದೆ: ಮೆತ್ತಗಿದೆ, ದಪ್ಪಗಿದೆ, ಪೆಟ್ಟು ತಡೆಯುತ್ತದೆ.

ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆಗೆ ಹಳೆ ಕೌದಿಯ ತುಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದು ಪೂರ್ತಿ ಹತ್ತಿಯೇ ಆಗಿರಬೇಕು. ನಡುವೆ ಒಂದು ಪಾಲಿಸ್ಟರ್ ಪದರಿದ್ದರೂ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಅನುಮಾನ ಬಂದರೆ ಆ ಪದರಿನ ಒಂದು ಎಳೆ ಕಿತ್ತು ಚಿಮಟಿಗೆಯಲ್ಲಿ ಹಿಡಿದು ಉರಿಗೆ ಒಡ್ಡಿ ನೋಡಿ: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಸ್ಟರ್ ಮುದುರಿ ಗಟ್ಟಿ ಮಣಿಯಾಗುತ್ತದೆ. ರೊಟ್ಟಿ ಬುಟ್ಟಿಗೂ ಕೌದಿಯ ಹೊದಿಕೆ ಮಾಡಬಹುದು, ರೊಟ್ಟಿ ಬೆಚ್ಚಗಿರುತ್ತದೆ. ಹಳೆಯ ಬಣ್ಣ ಊಟಕ್ಕೆ ತಾಗದಂತೆ ಒಳಗೆ ಶುಭ್ರ ಬಿಳಿ ಹತ್ತಿ ಬಟ್ಟೆಯ ಒಂದು ಪದರು ಇರಲಿ.

ಮೆತ್ತಗೆ ಸವೆದು, ಇನ್ನೂ ಹರಿಯದ ತುಂಡು ಕೂಸಿನದು. ನಮ್ಮಲ್ಲಿ ತೊಟ್ಟಿಲಿಗೆ ಹಳೆ ಅರಿವೆಯನ್ನೇ ಹಾಸುವುದು ಸುಮ್ಮನೆ ಬಂದ ರೂಢಿಯಲ್ಲ. ಹತ್ತಾರು ಸಲ ಒಗೆದ ಹತ್ತಿ ಕೂಸಿನ ಮೈಗೆ ಚುಚ್ಚುವುದಿಲ್ಲ. ತೊಟ್ಟಿಲ ಹಾಸಿಗೆ ಕೌದಿ ತುಂಡು ಬಳಸುವಾಗ ಗುಂಡಿ, ಕನ್ನಡಿ, ಜರಿ, ಸಡಿಲ ದಾರ ಒಂದೂ ಇರದಂತೆ ನೋಡಿಕೊಳ್ಳಬೇಕು, ಬಣ್ಣ ಬಿಡುವ ತುಂಡನ್ನು ದೂರವಿಡಬೇಕು.

ಎಳೆ ಪುಡಿಯಾಗುತ್ತಿರುವ ಆದರೆ ನೋಡಲು ಚೆಂದದ ತುಂಡಿಗೆ ಗೋಡೆಯೇ ಸರಿಯಾದ ಜಾಗ. ಖಣದ ತುಂಡು, ಕಸೂತಿ ಹಾಕಿದ ಸೆರಗು, ಚಂದ್ರಕಾಳಿ ಸೀರೆಯ ಕಪ್ಪು ಚೌಕ ಇಂಥವನ್ನು ಬಿಳಿ ಹತ್ತಿ ಬಟ್ಟೆಯ ಮೇಲೆ ಸಣ್ಣ ಟಾಕಿಗಳಿಂದ ನಿಲ್ಲಿಸಿ ಚೌಕಟ್ಟು ಹಾಕಿಸಬಹುದು. ಗೋಂದು ಬೇಡ, ಅದು ಹಳದಿಯಾಗಿ ಕಲೆ ಬಿಡುತ್ತದೆ, ಮುಂದೆ ಬಿಡಿಸಲೂ ಬಾರದು. ಗಾಜು ಬಟ್ಟೆಗೆ ತಾಗಬಾರದು, ನೇರ ಬಿಸಿಲು ಬೀಳುವ ಗೋಡೆಯೂ ಬೇಡ.

ಇಷ್ಟೆಲ್ಲ ಆರಿಸಿದ ಮೇಲೂ ಉಳಿಯುವ ಚಿಂದಿ ಹೊಸ ಕೌದಿಯ ಹೊಟ್ಟೆಗೆ ಹೋಗಲಿ. ಅದು ಹಿರಿಯರೇ ತೋರಿಸಿದ ದಾರಿ. ಅಲ್ಲಿಗೂ ಬಾರದ ಶುದ್ಧ ಹತ್ತಿ ಮಣ್ಣಿಗೆ ಸೇರಿದರೆ ಕೊಳೆತು ಗೊಬ್ಬರವಾಗುತ್ತದೆ. ಪಾಲಿಸ್ಟರ್ ಹಾಗೆ ಕೊಳೆಯದು, ಅದನ್ನು ಬೇರೆ ಮಾಡಿ ತೆಗೆದಿಡಬೇಕು.

ಕತ್ತರಿ ಹಾಕಬಾರದ ಕೌದಿ

ಎಲ್ಲ ಕೌದಿಗೂ ಕತ್ತರಿ ಹಾಕಬೇಕಿಲ್ಲ. ಮುಕ್ಕಾಲು ಭಾಗ ಗಟ್ಟಿ ಇದ್ದರೆ ಹರಿದಲ್ಲಿ ತ್ಯಾಪಿ ಹಾಕಿ, ಸಡಿಲಾದ ಸಾಲನ್ನು ಮತ್ತೆ ಓಡಿಸಿ, ಅದನ್ನು ಕೌದಿಯಾಗಿಯೇ ಬಳಸಬೇಕು. ಜಪಾನಿನ ರೈತರು, ಮೀನುಗಾರರು ನೀಲಿ ಬಟ್ಟೆಗೆ ತಲೆಮಾರುಗಟ್ಟಲೆ ತೇಪೆ ಹಾಕಿದ ‘ಬೊರೊ’ ಅರಿವೆಗಳನ್ನು ಇಂದು ಲೋಕ ಬೆರಗಾಗಿ ನೋಡುತ್ತಿದೆ. ನಮ್ಮ ಮನೆಯಲ್ಲೇ ಇರುವ ಅಂಥದ್ದೇ ಸಂಪತ್ತನ್ನು ಫ್ಯಾಷನ್ ಚೀಲಕ್ಕೆಂದು ಕೊಯ್ಯುವ ಮುನ್ನ ಎರಡು ಸಲ ಯೋಚಿಸಬೇಕು.

ಲಂಬಾಣಿ ಹೆಣ್ಣುಮಕ್ಕಳ ಹಳೆಯ ಉಡುಪಿಗೆ ಆದದ್ದು ಇದಕ್ಕೆ ಪಾಠ. ಕನ್ನಡಿ, ಕವಡೆ, ದಟ್ಟ ಕಸೂತಿಯ ಪೇಟಿಯಾ, ಕಾಂಚಳಿಗಳನ್ನು ವ್ಯಾಪಾರಿಗಳು ಕೊಂಡು, ತುಂಡು ಮಾಡಿ, ಚೀಲ, ದಿಂಬಿನ ಕವರುಗಳಾಗಿ ಪ್ರವಾಸಿ ತಾಣಗಳಲ್ಲಿ ಮಾರಿದರು. ಒಬ್ಬ ತಾಯಿ ಮಗಳಿಗೆಂದು ವರ್ಷಗಟ್ಟಲೆ ಹಾಕಿದ ಕಸೂತಿ ಹೀಗೆ ಚೂರಾಯಿತು. ಇದರ ಎದುರಿಗೆ ಇನ್ನೊಂದು ದಾರಿಯನ್ನು ತೋರಿಸಿದ್ದು ಸಂಡೂರು ಕುಶಲ ಕಲಾ ಕೇಂದ್ರ. ಅಲ್ಲಿನ ಲಂಬಾಣಿ ಹೆಣ್ಣುಮಕ್ಕಳು ಹಳೆಯದನ್ನು ಕೊಯ್ಯದೆ, ಅದೇ ಹೊಲಿಗೆಯಲ್ಲಿ ಹೊಸ ತುಂಡುಗಳನ್ನು ಹೊಲಿದು ಮಾರುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಚಲೋ ಇರುವ ಹಳೆಯದು ಇಡಿಯಾಗಿ ಉಳಿಯಲಿ, ಅದರ ನಮೂನೆ ನೋಡಿ ಹೊಸದು ಹುಟ್ಟಲಿ. ಕೌದಿಗೂ ಇದೇ ನಿಯಮ ಸಲ್ಲುತ್ತದೆ.

ಕೆಲವು ಹೊದಿಕೆಗಳ ಬೆಲೆ ಬಟ್ಟೆಯಲ್ಲಿ ಇರುವುದಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುತ್ತಿದ್ದ ಪದ್ಧತಿಯನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ಆ ಬದುಕಿನಿಂದ ಹೊರಬಂದ ಉತ್ತರ ಕರ್ನಾಟಕದ 3,000 ಹೆಣ್ಣುಮಕ್ಕಳು ತಮ್ಮೊಡನೆ ದುಡಿದ ಸುಧಾ ಮೂರ್ತಿಯವರಿಗೆ ಒಬ್ಬೊಬ್ಬರೂ ಒಂದೊಂದು ಟಾಕಿ ಹಾಕಿದ ಹೊದಿಕೆಯನ್ನು ಕಾಣಿಕೆ ಕೊಟ್ಟರು. ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟಿಸಿದ ‘ಥ್ರೀ ಥೌಸಂಡ್ ಸ್ಟಿಚಸ್’ ಪುಸ್ತಕದ ಹೆಸರು ಬಂದದ್ದು ಅದರಿಂದಲೇ. ಅಂಥ ಹೊದಿಕೆಯಿಂದ ಒಂದು ಟಾಕಿ ಕಿತ್ತರೂ ಒಬ್ಬಳ ಹೆಸರು ಅಳಿಸಿದಂತೆ. ನಿಮ್ಮ ಮನೆಯಲ್ಲೂ ಯಾರೋ ಯಾರಿಗೋ ಮನಸ್ಸಿಟ್ಟು ಹೊಲಿದ ಕೌದಿ ಇದ್ದರೆ ಅದನ್ನು ಇಡಿಯಾಗಿ ಉಳಿಸಿ. ಮಡಚದೆ, ಬಿಳಿ ಬಟ್ಟೆಯೊಡನೆ ಸುರುಳಿ ಸುತ್ತಿ, ಕಟ್ಟಿಗೆಗೂ ತಗಡಿಗೂ ನೇರ ತಾಗದಂತೆ ಇಡಿ. ವರ್ಷಕ್ಕೊಮ್ಮೆ ತೆಗೆದು ನೆರಳಿನ ಗಾಳಿಗೆ ಹರಡಿ.

ಕೈಗೆ ಕೂಲಿ, ಬಟ್ಟೆಗೆ ಹೆಸರು

ಹಳೆ ಕೌದಿಯ ಮೇಲೆ ಈಗ ಪೇಟೆಯ ಕಣ್ಣು ಬಿದ್ದಿದೆ. ಬೆಂಗಳೂರಿನ ಮೇಳಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ಕೌದಿಯ ದಿಂಬು, ಜಾಕೀಟು, ಚೀಲ ಮಾರಾಟಕ್ಕಿವೆ. ಒಳ್ಳೆಯದೇ. ಆದರೆ ಆ ಬೆಲೆಯಲ್ಲಿ ಸೂಜಿ ಹಿಡಿದವಳ ಪಾಲು ಎಷ್ಟು ಎಂದು ಕೇಳಲೇಬೇಕು. ಅಮೆರಿಕದ ಅಲಬಾಮದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಒಂದು ಕಾಲಕ್ಕೆ ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಹೊಲದಲ್ಲಿ ದುಡಿದು ಸವೆದ ಅರಿವೆಗಳಿಂದ ಹೊದಿಕೆ ಹೊಲಿಯುತ್ತಿದ್ದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಅವು ಪ್ರದರ್ಶನ ಕಂಡವು, 2006ರಲ್ಲಿ ಅಲ್ಲಿನ ಅಂಚೆ ಚೀಟಿಯ ಮೇಲೂ ಬಂದವು. ಇಷ್ಟು ಹೆಸರು ಬಂದ ಮೇಲೂ ತಮಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲವೆಂದು 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ನ್ಯಾಯಾಲಯಕ್ಕೆ ಹೋಗಬೇಕಾಯಿತು.

ನಮ್ಮ ಸಿದ್ದಿ ಹೆಣ್ಣುಮಕ್ಕಳ ಕವಂದಿಗಳೂ 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅದಕ್ಕೆ ಮೊದಲೇ, 2004ರಲ್ಲಿ, ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ ಆ ಹೆಣ್ಣುಮಕ್ಕಳದೇ ಸಹಕಾರಿ ಗುಂಪು ಶುರುವಾಗಿತ್ತು. ಹೊಲಿಗೆಗಾರ್ತಿಯರಿಗೆ ತಮ್ಮದೇ ಗುಂಪು ಇದ್ದರೆ ಬೆಲೆ ಹೇಳುವ ಬಾಯಿ ಅವರದಾಗುತ್ತದೆ. ಗೊಂದಳಿ ಹೆಣ್ಣುಮಕ್ಕಳಿಗೂ ಇಂಥ ಬಲ ಬೇಕು. ನಮ್ಮ ತಾಲ್ಲೂಕುಗಳಲ್ಲಿ ಸ್ವಸಹಾಯ ಸಂಘಗಳಿಗೆ ಬರವಿಲ್ಲ. ಆ ಸಂಘಗಳು ಕೌದಿ ಹೊಲಿಯುವವರನ್ನು ಕೂಡಿಸಿಕೊಂಡು ದಾರ, ಸೂಜಿ, ಅಳತೆ, ಬೆಲೆಗಳ ಒಂದು ಕ್ರಮ ಹಾಕಿಕೊಟ್ಟರೆ, ಎಲ್ಲಮ್ಮನ ಗುಡ್ಡಕ್ಕೆ ವರ್ಷವಿಡೀ ಬರುವ ಜನರೇ ದೊಡ್ಡ ಮಾರುಕಟ್ಟೆ.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ಹಳೆ ಕೌದಿಯ ತುಂಡುಗಳನ್ನು ಬಿಡಿಸುವ ಮೊದಲು ಹಿರಿಯರನ್ನು ಕೂರಿಸಿಕೊಂಡು ಒಂದೊಂದು ಚೌಕದ ಮೇಲೂ ಬೆರಳಿಟ್ಟು ಕೇಳಿ: ಇದು ಯಾರ ಸೀರೆ, ಯಾವ ಮದುವೆಯದು, ಹೊಲಿದವರು ಯಾರು? ಪೂರ್ತಿ ಕೌದಿಯ ಒಂದು ಫೋಟೊ ತೆಗೆದಿಡಿ. ಉತ್ತರಗಳನ್ನು ಸಣ್ಣ ಬಿಳಿ ಪಟ್ಟಿಯ ಮೇಲೆ ದಾರದಲ್ಲೇ ಹೊಲಿದು ಹೊಸ ವಸ್ತುವಿನ ಹಿಂಬದಿಗೆ ಸೇರಿಸಿ. ತುಂಡುಗಳು ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳಿಗೆ ಹಂಚಿಹೋದರೂ ಆ ಪಟ್ಟಿ ಜೊತೆಗೆ ಹೋಗುತ್ತದೆ.

ಹರಿದ ಕೌದಿಯನ್ನು ಉಳಿಸುವುದು ಮನೆಯವರಿಂದ ಆಗುತ್ತದೆ. ಹೊಸ ಕೌದಿ ಹುಟ್ಟಬೇಕಾದರೆ ಹೊಲಿಯುವವರು ಉಳಿಯಬೇಕು. ಅವರ ಮಕ್ಕಳು ಈ ಕಸಬು ಬಿಡುತ್ತಿದ್ದರೆ ಅದು ಸೂಜಿಯ ಮೇಲಿನ ಬೇಸರದಿಂದಲ್ಲ, ಹೊಟ್ಟೆ ತುಂಬದ ಕೂಲಿಯಿಂದ. ಈ ಸುಗ್ಗಿ ಮುಗಿದ ಮೇಲೆ ಅವರು ನಿಮ್ಮ ಊರಿಗೆ ಬಂದರೆ ಹಳೆ ಅರಿವೆಯ ಗಂಟಿನ ಜೊತೆಗೆ ದಿನಗೂಲಿಯ ಲೆಕ್ಕವನ್ನೂ ಮುಂದಿಡಿ. ಹೊಲದ ಕೆಲಸಕ್ಕೆ ಎಷ್ಟು ಕೊಡುತ್ತೀರೋ ಅದಕ್ಕಿಂತ ಕಡಿಮೆ ಕೊಡಬೇಡಿ. ನಿಮ್ಮ ಮಗಳನ್ನೋ ಸೊಸೆಯನ್ನೋ ಅವರ ಪಕ್ಕ ಕೂರಿಸಿ, ಮೂಲೆ ಹಿಡಿದು ಮೊದಲ ಸಾಲು ಓಡಿಸುವುದನ್ನು ಕಲಿಸಲು ಹೇಳಿ, ಕಲಿಸಿದ್ದಕ್ಕೂ ಕೂಲಿ ಕೊಡಿ.